ಫಲಕಕ್ಕೆ ಕಾನೂನಿದೆ, ನಾಲಿಗೆಗೆ?

ಬೆಂಗಳೂರಿನ ತರುಣ ಮಿತ್ರರೇ, ಶನಿವಾರ ಬಂತೆಂದರೆ ನಿಮ್ಮ ದಾರಿ ನಮಗೆ ಗೊತ್ತು. ಗಾಂಧಿಬಜಾರಿನಲ್ಲಿ 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದಲ್ಲಿ ಕನ್ನಡದಲ್ಲೇ ಚಟ್ನಿ ಕೇಳುತ್ತೀರಿ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ರಂಗಶಂಕರದಲ್ಲಿ ಕನ್ನಡ ನಾಟಕಕ್ಕೆ ಚಪ್ಪಾಳೆ ತಟ್ಟುತ್ತೀರಿ. ಸಂತೋಷ! ಆದರೆ ರಾತ್ರಿ ಚರ್ಚ್ ಸ್ಟ್ರೀಟಿನ ಬಾರಿಗೆ ಕಾಲಿಟ್ಟೊಡನೆ ನಿಮ್ಮ ಕನ್ನಡ ಎಲ್ಲಿ ಅಡಗುತ್ತದೆ?

ಅಂಗಡಿ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಂತು. ಅದರ ಅಧಿಕಾರ ಬಾಗಿಲವರೆಗೆ ಮಾತ್ರ. ಒಳಗೆ ಗಿರಾಕಿ ಕೇಳಿದ ಭಾಷೆಯನ್ನು ಮಾಲೀಕ ಕಲಿಯುತ್ತಾನೆ, ಕೇಳದ ಭಾಷೆಯನ್ನು ಮರೆಯುತ್ತಾನೆ. ಬಡಿಸುವ ಹುಡುಗ ಹೊರರಾಜ್ಯದವನಾದರೆ ಗದರಬೇಡಿ, ನಾಲ್ಕು ಮಾತು ಕಲಿಸಿ. ಕಾಸು ನಿಮ್ಮದು, ಊರೂ ನಿಮ್ಮದು. ಈ ಶನಿವಾರ ಬಿಯರನ್ನೂ ಬಿಲ್ಲನ್ನೂ ಕನ್ನಡದಲ್ಲೇ ಕೇಳಿ!