ದೋಷ ಹುಡುಕಿದವನ ಕೂಲಿ

ಧಾರವಾಡದ ಆಷಾಢದ ಮಳೆ ಹಗಲೂ ಇರುಳೂ ಒಂದೇ ಶ್ರುತಿ ಹಿಡಿದು ಸುರಿಯುತ್ತಿದ್ದ ಒಂದು ಬೆಳಗು, ಸಪ್ತಾಪುರದ ನಮ್ಮ ಮನೆಯೆದುರು ನಾಲ್ಕು ದಿನ ನೆನೆಯುತ್ತ ನಿಂತಿದ್ದ ಕಾರಿನೊಳಗೆ ಕುಳಿತು ಕೀಲಿ ತಿರುಗಿಸಲು, ಎಂಜಿನ್ನು ಎಚ್ಚರಗೊಳ್ಳುವುದಕ್ಕೆ ಬದಲಾಗಿ ಒಳಗೆಲ್ಲಿಂದಲೋ ‘ಟಕ್’ ಎಂಬ ಒಂದು ಶಬ್ದ ಹೊರಟು ಅಷ್ಟಕ್ಕೇ ಅಡಗಿತು. ಓಣಿಯ ಹುಡುಗರು ಕೂಡಿ ದಬ್ಬಿದರು; ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಮೇಲೆ ಗಾಡಿ ಚಾಲೂ ಆಯಿತು. ದಾರಿಯಲ್ಲಿ ಸಿಕ್ಕ ಅಂಗಡಿಯಾತನು ಬಾನೆಟ್ಟು ಎತ್ತಿದವನೇ, “ಬ್ಯಾಟರಿ ಹೋಗೇತ್ರೀ ಸರ, ಹೊಸಾದು ಹಾಕಸ್ರಿ” ಎಂದನು. ಹಳೆಯದನ್ನು ಬದಲಿಗೆ ಕೊಟ್ಟು, ಮೇಲೆ ಕೆಲವು ಸಾವಿರ ರೂಪಾಯಿಗಳನ್ನು ಎಣಿಸಿ, ನಾನು ನಿಶ್ಚಿಂತನಾಗಿ ಮನೆಗೆ ಬಂದೆನು. ಮೂರು ವಾರ ಮಳೆ ಹೊಳವು ಕೊಟ್ಟಿತು, ಗಾಡಿಯೂ ಓಡಿತು. ಮತ್ತೆ ಮಳೆ ಹಿಡಿದ ದಿನ ಅದೇ ‘ಟಕ್’.

ಈ ಸಲ ಪರಿಚಿತರೊಬ್ಬರು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯಿಂದ ಒಬ್ಬ ವೃದ್ಧ ಮಿಸ್ತ್ರಿಯನ್ನು ಕಳುಹಿಸಿಕೊಟ್ಟರು. ಆತನು ಚೀಲವನ್ನು ಬಿಚ್ಚಲಿಲ್ಲ. “ಹೆಡ್‌ಲೈಟ್ ಹಚ್ಚ್ರಿ, ಈಗ ಸೆಲ್ಫ್ ಹೊಡೀರಿ, ಬೆಳಕು ಸಣ್ಣ ಆತೇನು?” ಎಂದು ಗೋಡೆಯ ಮೇಲೆ ಬಿದ್ದ ಬೆಳಕನ್ನೇ ನೋಡುತ್ತ ನಿಂತನು. ಬೆಳಕು ಕಿಂಚಿತ್ತೂ ಕುಗ್ಗಲಿಲ್ಲ. ಬ್ಯಾಟರಿ ನಿರ್ದೋಷಿಯೆಂಬುದು ಆತನಿಗೆ ಅಲ್ಲಿಯೇ ತಿಳಿದಿತ್ತೆಂದು ಈಗ ನನಗೆ ತೋರುತ್ತದೆ.

ಹೊರಡಲೊಲ್ಲದ ಗಾಡಿಯು ಮೂಕವಲ್ಲ. ಅದರ ಭಾಷೆ ನಮಗೆ ಬಾರದು, ಅಷ್ಟೆ. ಕೀಲಿ ತಿರುಗಿಸಿದಾಗ ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡು ದೀಪಗಳೂ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಅದರ ಟರ್ಮಿನಲ್ಲುಗಳಿಗೆ ಬಿಳಿಹಸುರು ಬೂಷ್ಟು ಹತ್ತಿದೆ. ಏನೂ ಸದ್ದಾಗದಿದ್ದರೆ ಕೀಲಿಯ ಸ್ವಿಚ್ಚು, ಫ್ಯೂಸು, ರಿಲೇಗಳ ಕಡೆಗೆ ಲಕ್ಷ್ಯವೀಯಬೇಕು. ಎಂಜಿನ್ನು ಗಿರ್ರನೆ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯ ಮಾತನ್ನೇ ಬಿಟ್ಟು ಪೆಟ್ರೋಲನ್ನೂ ಕಿಡಿಯನ್ನೂ ವಿಚಾರಿಸತಕ್ಕದ್ದು. ಇಷ್ಟು ಭಿನ್ನವಾದ ವ್ಯಾಧಿಗಳನ್ನೆಲ್ಲ ‘ಗಾಡಿ ಚಾಲೂ ಆಗವಲ್ದು’ ಎಂಬ ಒಂದೇ ವಾಕ್ಯದಲ್ಲಿ ಹೇಳಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರುಗಳವರಾದ ನಾವು, ಸ್ವರವೊಂದು ಕೂದಲೆಳೆಯಷ್ಟು ಜಾರಿದರೆ ಸಭೆಯಲ್ಲಿ ಮುಖ ಕಿವುಚುವವರು, ಬಾನೆಟ್ಟಿನ ಎದುರು ಕಿವುಡರಾಗುವುದು ಸೋಜಿಗವೇ ಸರಿ.

ಆಮೇಲೆ ಆ ಮಿಸ್ತ್ರಿಯು ಮೀಟರು ತೆಗೆದನು. ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟು: ಪೂರ್ಣ ಚಾರ್ಜಾದ ಬ್ಯಾಟರಿಗೆ ಇರಬೇಕಾದಷ್ಟೇ. ತರುವಾಯ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿ, ಸೆಲ್ಫ್ ಹೊಡೆಯಲು ನನಗೆ ಹೇಳಿದನು. ಅರ್ಧ ವೋಲ್ಟನ್ನು ಮೀರಬಾರದ ಅಂಕಿ ಮೂರರ ಮೇಲೆ ಹೋಗಿ ನಿಂತಿತು. ಸಣ್ಣ ಕಾರಿನ ಸ್ಟಾರ್ಟರ್ ಮೋಟರು ಎಂಜಿನ್ನನ್ನು ತಿರುಗಿಸಲು 100ರಿಂದ 200 ಆಂಪಿಯರ್ ವಿದ್ಯುತ್ತನ್ನು ಬೇಡುತ್ತದೆ. ಆ ಪ್ರವಾಹದ ಹಾದಿಯಲ್ಲಿ ಒಂದು ಓಮಿನ ಐವತ್ತನೆಯ ಒಂದಂಶದಷ್ಟು ಅಡ್ಡಿ ಒದಗಿದರೂ ಸಾಕು, 150 ಆಂಪಿಯರಿಗೆ 3 ವೋಲ್ಟು ಅಲ್ಲಿಯೇ ಶಾಖವಾಗಿ ವ್ಯರ್ಥವಾಗುತ್ತದೆ. ದೀಪಗಳ ಪ್ರವಾಹ ಎಂಜಿನ್ನನ್ನು ಮುಟ್ಟದೆ ಕಾರಿನ ಮೈಯಿಂದಲೇ ಮರಳುವುದರಿಂದ ಅವುಗಳಿಗೆ ಈ ಅಡ್ಡಿಯ ಸೋಂಕಿಲ್ಲ. ಆದುದರಿಂದಲೇ ಅವು ಕುಗ್ಗದೆ ಉರಿದುವು. ಗೇರ್‌ಬಾಕ್ಸಿನಿಂದ ಕಾರಿನ ಮೈಗೆ ಬಿಗಿದಿದ್ದ ಅರ್ಥಿಂಗಿನ ಪಟ್ಟಿಯ ಬುಡದಲ್ಲಿ ತುಕ್ಕು ಹಿಡಿದು ನಟ್ಟು ಸಡಿಲಾಗಿದ್ದಿತು. ಬಿಚ್ಚಿ, ಎಮರಿ ಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೊಂದಿಷ್ಟು ಗ್ರೀಸು ಸವರಿದನು. ಕೀಲಿ ಮುಟ್ಟಿದೊಡನೆ ಎಂಜಿನ್ನು ಎದ್ದಿತು.

ಇನ್ನೂರು ರೂಪಾಯಿ ಕೇಳಿದನು. “ಒಂದು ನಟ್ಟು ಬಿಗಿದದ್ದಕ್ಕೆ ಇನ್ನೂರs?” ಎಂದೆ ನಾನು. ಆತನು ವಾದಿಸದೆ, ಕೊಟ್ಟ ನೂರನ್ನು ಜೇಬಿಗೆ ಹಾಕಿಕೊಂಡು ಮಳೆಯಲ್ಲಿಯೇ ನಡೆದುಹೋದನು. ಮೀಟರನ್ನೇ ಮುಟ್ಟದೆ ಬ್ಯಾಟರಿ ಮಾರಿದವನಿಗೆ ಚಕಾರವೆತ್ತದೆ ಸಾವಿರಗಳನ್ನು ಕೊಟ್ಟ ಕೈ ಇದೇ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ನಮ್ಮ ಗ್ಯಾರೇಜುಗಳಲ್ಲಿ ಪರೀಕ್ಷೆ ಕ್ಷೀಣಿಸಿ ಬದಲಿಸುವಿಕೆ ಬೆಳೆದುದಕ್ಕೆ ಮುಖ್ಯವಾದ ಕಾರಣ ಗ್ಯಾರೇಜಿನವರಲ್ಲ, ನಾವು. ಡಾಕ್ಟರರು ಔಷಧ ಕೊಡದೆ ಏನೂ ಇಲ್ಲವೆಂದು ಹೇಳಿ ಕಳುಹಿಸಿದರೂ ಫೀ ಕೊಡುವ ನಾವು, ಸಾಮಾನು ಹಾಕದ ಮಿಸ್ತ್ರಿಗೆ ಕೂಲಿಯೇ ಸಲ್ಲದೆಂದು ಭಾವಿಸುತ್ತೇವೆ. ಅವನ ಕೈಕೆಳಗೆ ಕೆಲಸ ಕಲಿಯುವ ಹುಡುಗ ಇದನ್ನು ನೋಡಿ, ಹುಡುಕುವುದಕ್ಕಿಂತ ಮಾರುವುದೇ ಲೇಸೆಂದು ನಿರ್ಧರಿಸಿದರೆ ಅವನನ್ನು ದೂಷಿಸುವುದು ಹೇಗೆ? ಹುಬ್ಬಳ್ಳಿ ರೈಲ್ವೆಯಿಂದ ಬೆಳೆದ ಊರು. ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ, ನಾದ ಕೇಳಿ, ಬಿರುಕನ್ನು ಅರಿಯುವ ಕೆಲಸಕ್ಕೆ ರೈಲ್ವೆಯವರು ಆಳುಗಳನ್ನಿಟ್ಟು ಪಗಾರ ಕೊಡುತ್ತಿದ್ದರು. ಗಾಲಿ ಗಟ್ಟಿಯಾಗಿದ್ದ ದಿನದ ಪಗಾರವನ್ನು ಯಾರೂ ಮುರಿದುಕೊಳ್ಳಲಿಲ್ಲ.

ಬ್ಯಾಟರಿಗಳು ಸಾಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೂರರಿಂದ ಐದು ವರ್ಷ ಅವುಗಳ ಸಾಮಾನ್ಯ ಆಯುಷ್ಯ; ಬೇಸಗೆಯ ಕಾವು ಅದನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಆದರೆ ಮರಣಪತ್ರ ಬರೆಯುವ ಮುನ್ನ ನಾಡಿ ನೋಡಲಿ. ಪರೀಕ್ಷೆಯ ಕೂಲಿ ಇಂತಿಷ್ಟೆಂದು ಗ್ಯಾರೇಜಿನ ಹಲಗೆಯ ಮೇಲೆ ಮೊದಲೇ ಬರೆದಿರಲಿ. ಹಾಗಾದಾಗ ಹುಡುಕಾಟವನ್ನು ಹಿಗ್ಗಿಸಿ ಹಣ ಕೀಳುವ ಭಯವೂ ಇರದು. ಹೊಸ ಬ್ಯಾಟರಿ ಕೊಳ್ಳುವವರು ಹಳೆಯದರ ವೋಲ್ಟನ್ನು, ನಿಂತಾಗ ಎಷ್ಟು, ಸೆಲ್ಫ್ ಹೊಡೆದಾಗ ಎಷ್ಟು ಎಂಬುದನ್ನು, ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ.

ಮರುವಾರ ನಾನು ಗೋಕುಲ ರಸ್ತೆಗೆ ಹೋಗಿ ಉಳಿದ ನೂರನ್ನು ಕೊಟ್ಟು ಬಂದೆನು. ಆ ಹಳೆಯ ಬ್ಯಾಟರಿ ಮಾತ್ರ ಅಷ್ಟರಲ್ಲಿ ಗುಜರಿಗೆ ಹೋಗಿದ್ದಿತು.