ಮನವಿ ಕೊಡಿ, ಉತ್ತರಕ್ಕೆ ಕಾಯಬೇಡಿ

ಗೂಂಡಾ ಕಾಯ್ದೆಯಡಿ ಬಂಧನವಾದರೆ ಕಡೂರಿನ ಕೋರ್ಟಿನಲ್ಲೂ ತರೀಕೆರೆಯ ಕೋರ್ಟಿನಲ್ಲೂ ಜಾಮೀನಿನ ಮಾತೇ ಇಲ್ಲ. ಒಳಗೆ ಹಾಕಿದ್ದು ನ್ಯಾಯಾಧೀಶರಲ್ಲ, ಚಿಕ್ಕಮಗಳೂರಿನ ಜಿಲ್ಲಾಧಿಕಾರಿ. ಪ್ರಶ್ನಿಸಬೇಕಾದರೆ ಬೆಂಗಳೂರಿನ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ರಿಟ್ ಅರ್ಜಿ ಹಾಕಬೇಕು. ಮನೆಯವರು ಅಜ್ಜಂಪುರದಲ್ಲಿ ರೈಲು ಹತ್ತುವ ಮೊದಲೇ ಯಾರಾದರೊಬ್ಬರು ತಡೆದು ಬುದ್ಧಿ ಹೇಳುತ್ತಾರೆ: ‘ಮೊದ್ಲು ಸರ್ಕಾರಕ್ಕೆ ಬರ್ಕೊಳ್ರಿ, ಅಲ್ಲಿಂದ ಏನಾದ್ರೂ ಬರ್ಲಿ, ಆಮೇಲೆ ಕೋರ್ಟು.’ ಈ ಮಾತಿನಲ್ಲಿ ಅರ್ಧ ಸರಿ. ಇನ್ನರ್ಧವನ್ನು ನಂಬಿ ಕೂತರೆ ವರ್ಷವೇ ಕಳೆದೀತು.

ವರ್ಷ ಎಂದದ್ದು ಸುಮ್ಮನೆ ಅಲ್ಲ. 1985ರ ಈ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಒಬ್ಬನನ್ನು 12 ತಿಂಗಳು ಇಟ್ಟುಕೊಳ್ಳಬಹುದು. ಬಂಧನದ ಕಾರಣಗಳನ್ನು 5 ದಿನದೊಳಗೆ ಅವನ ಕೈಗೆ ಕೊಡಬೇಕು, ಜಿಲ್ಲಾಧಿಕಾರಿಯ ಆದೇಶಕ್ಕೆ 12 ದಿನದೊಳಗೆ ಸರ್ಕಾರ ಒಪ್ಪಿಗೆ ಕೊಡಬೇಕು, 3 ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು, 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಈ ಗಡುವುಗಳೆಲ್ಲ ಸರ್ಕಾರಕ್ಕೆ ಹಾಕಿದವು. ಬಂಧಿ ಇವನ್ನೆಲ್ಲ ದಾಟಿಯೇ ಕೋರ್ಟಿಗೆ ಬರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಅಮೆರಿಕದ ಫೆಡರಲ್ ಜೈಲುಗಳಲ್ಲಿ ರೂಢಿ ಬೇರೆ. ಅಲ್ಲಿ ಕೈದಿ ಮೊದಲು ವಾರ್ಡನ್‌ಗೆ, ಆಮೇಲೆ ಪ್ರಾದೇಶಿಕ ಕಚೇರಿಗೆ, ಕೊನೆಗೆ ಕೇಂದ್ರ ಕಚೇರಿಗೆ ದೂರು ಕೊಟ್ಟು ಬಾ ಎನ್ನುತ್ತವೆ ನ್ಯಾಯಾಲಯಗಳು. ನಮ್ಮಲ್ಲಿ ಬೇರೆ ಪರಿಹಾರವಿದ್ದರೆ ರಿಟ್ ಬೇಡ ಎಂಬುದು ಹೈಕೋರ್ಟುಗಳು ತಮಗೆ ತಾವೇ ಹಾಕಿಕೊಂಡ ಕಟ್ಟು. ಮೂಲಭೂತ ಹಕ್ಕಿಗೇ ಏಟು ಬಿದ್ದಾಗ ಅದು ಸಡಿಲವಾಗುತ್ತದೆ. 1980ರ ಇಚ್ಛುದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧಿಯ ಒಂದು ಪೋಸ್ಟ್ ಕಾರ್ಡೂ ಸಾಕು ಎಂದಿತು. ಬಂಧನ ಸರಿ ಎಂದು ತೋರಿಸುವ ಹೊಣೆ ಸರ್ಕಾರದ್ದು.

ಹಾಗಾದರೆ ಸರ್ಕಾರಕ್ಕೆ ಮನವಿ ಯಾಕೆ? ಸಂವಿಧಾನದ 22(5)ನೇ ವಿಧಿ ಕೊಟ್ಟ ಹಕ್ಕು ಅದು. ಅದಕ್ಕೆ ಉತ್ತರಿಸುವಲ್ಲಿ ಸರ್ಕಾರ ತಡ ಮಾಡಿದರೆ ತಡವೇ ಬಿಡುಗಡೆಗೆ ದಾರಿ. ತಮಿಳುನಾಡಿನ ರಾಜಮ್ಮಾಳ್ ಪ್ರಕರಣದಲ್ಲಿ ಕಡತ ಸಚಿವರ ಬಳಿ ಉಳಿದದ್ದು 1998ರ ಫೆಬ್ರುವರಿ 9ರಿಂದ 14ರವರೆಗೆ. ಸಚಿವರು ಪ್ರವಾಸದಲ್ಲಿದ್ದರಂತೆ. ಅದು ಕಾರಣವೇ ಅಲ್ಲ ಎಂದು ಸುಪ್ರೀಂ ಕೋರ್ಟು ಬಂಧನವನ್ನೇ ರದ್ದು ಮಾಡಿತು. ನಮ್ಮ ಕಚೇರಿಗಳಲ್ಲಿ ‘ಸಾಹೇಬ್ರು ಟೂರ್‌ನಲ್ಲಿದ್ದಾರೆ’ ಎಂದು ಕೇಳಿ ವಾಪಸಾದವರಿಗೆ ಈ ತೀರ್ಪು ಓದಿಸಬೇಕು. ಆದ್ದರಿಂದ ಮನವಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ, ರಿಟ್ ಅರ್ಜಿಯನ್ನೂ ತಯಾರು ಮಾಡಿಸಿ.

ಮನವಿಯ ಮೆಟ್ಟಿಲನ್ನೇ ಕಿತ್ತು, ಕೋರ್ಟಿನ ಬಾಗಿಲನ್ನೂ ಹಾಕಿದ ಕಾಲವೊಂದಿತ್ತು: ತುರ್ತು ಪರಿಸ್ಥಿತಿ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಮ್ಮ ಹೈಕೋರ್ಟಿಗೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವರ ಪರ ನಿಂತವರಲ್ಲಿ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಎಂ. ರಾಮಾ ಜೋಯಿಸರೂ ಒಬ್ಬರು. ಆಮೇಲೆ ಅವರೂ ಜೈಲು ಸೇರಿದರು. ವಿಚಾರಣೆಯಿಲ್ಲದೆ ಬಂಧಿಸುವ ಆಗಿನ ಕಾಯ್ದೆ ಮೀಸಾಕ್ಕೆ ಸೇರಿಸಿದ 16ಎ ಕಲಮಿನಿಂದಾಗಿ ಬಂಧನದ ಕಾರಣವನ್ನೂ ಹೇಳಬೇಕಿರಲಿಲ್ಲ; ಕಾರಣ ಗೊತ್ತಿಲ್ಲದವನು ಯಾವ ಮನವಿ ಬರೆದಾನು? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು; 1976ರ ಏಪ್ರಿಲ್ 28ರಂದು ಅಲ್ಲಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅರ್ಜಿ ಹಾಕುವ ಹಕ್ಕೇ ಇಲ್ಲ ಎಂದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಲು 2017 ಬರಬೇಕಾಯಿತು. ಹಾಗೆ ಹೇಳಿದ 2017ರ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎಲ್ಲ ಜೈಲುವಾಸಕ್ಕೂ ಹೇಬಿಯಸ್ ಕಾರ್ಪಸ್ ಎಂಬ ಮದ್ದು ನಾಟುವುದಿಲ್ಲ. ಮ್ಯಾಜಿಸ್ಟ್ರೇಟರು ಕಾನೂನುಬದ್ಧವಾಗಿ ರಿಮ್ಯಾಂಡ್ ಮಾಡಿದ್ದರೆ ಜಾಮೀನು, ಶಿಕ್ಷೆಯಾಗಿದ್ದರೆ ಮೇಲ್ಮನವಿ. ಪೆರೋಲ್‌ಗೆ ಜೈಲು ಸೂಪರಿಂಟೆಂಡೆಂಟರಿಗೇ ಮೊದಲು ಅರ್ಜಿ ಕೊಡಬೇಕು, ಊರಿನ ಠಾಣೆಯ ವರದಿಗೂ ಕಾಯಬೇಕು. ಅಲ್ಲಿ ಕ್ರಮ ತಪ್ಪಿಸಿದರೆ ಹೈಕೋರ್ಟು ವಾಪಸ್ ಕಳಿಸುವುದೂ ನ್ಯಾಯವೇ.

ಬೆಂಗಳೂರಿನ ವಕೀಲರ ಫೀಸಿಗೆ ಹೆದರಿ ಕೂತವರು ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಕಡೂರು, ತರೀಕೆರೆಯ ಕೋರ್ಟುಗಳಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಹೈಕೋರ್ಟಿನಲ್ಲಿ ಅರ್ಜಿ ಹಾಕಿಸಲು ಅಲ್ಲೇ ಬೇರೆ ಸಮಿತಿಯಿದೆ.