ಮಾರಿದ ಮೇಲೂ ಧಣಿತನವೆ?

ಫೋಟೋ ಮುದ್ರಿಸುವ ಪ್ರಿಂಟರನ್ನು ಕಂಪನಿ ಅಗ್ಗಕ್ಕೆ ಮಾರುತ್ತದೆ. ಶಾಯಿಯನ್ನು ಚಿನ್ನದ ತಕ್ಕಡಿಯಲ್ಲಿ ತೂಗುತ್ತದೆ. ಎಮ್ಮೆ ಅಗ್ಗ, ಹಗ್ಗ ದುಬಾರಿ! ಸಣ್ಣ ಸ್ಟುಡಿಯೋದವನು ಬೇರೆಯವರ ಶಾಯಿಯತ್ತ ಕೈಚಾಚಿದರೆ 'ನಕಲಿ' ಎಂಬ ಕೂಗೇಳುತ್ತದೆ. ಬೇರೊಂದು ಕಾರ್ಖಾನೆ ತನ್ನದೇ ಹೆಸರಿನಲ್ಲಿ ಮಾರುವ ಶಾಯಿ ನಕಲಿಯಾದದ್ದು ಹೇಗೆ? ಹೆಸರು ಕದ್ದು ಅಂಟಿಸಿದ್ದು ನಕಲಿ. ಎರಡನ್ನೂ ಒಂದೇ ಗೋಣಿಗೆ ತುಂಬುವುದು ಕುಯುಕ್ತಿ.

ಗುಣಕ್ಕಾಗಿ ಈ ಬೆಲೆಯೆನ್ನುತ್ತಾರೆ. 2000ದಲ್ಲಿ ಎಪ್ಸನ್ನಿನ ಸ್ಟೈಲಸ್ ಫೋಟೋ 1270 ಯಂತ್ರದಲ್ಲಿ, ಅದೇ ಕಂಪನಿಯ ಶಾಯಿಯಿಂದ, ಅದೇ ಕಂಪನಿಯ ಹೊಳಪು ಕಾಗದದ ಮೇಲೆ ಮುದ್ರಿಸಿದ ಎಷ್ಟೋ ಚಿತ್ರಗಳು ಗಾಳಿಯ ಓಜೋನಿಗೆ ಸಿಕ್ಕಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಚಿತ್ರವನ್ನು ಕಾಯುವುದು ಡಬ್ಬಿಯ ಮೇಲಿನ ಹೆಸರಲ್ಲ, ಒಳಗಿನ ರಸಾಯನ.

ಗುಣದಲ್ಲಿ ಅಷ್ಟು ನಂಬಿಕೆಯಿದ್ದರೆ ಬೀಗವೇಕೆ? 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪನಿಯ ಹಲವು ಪ್ರಿಂಟರುಗಳು ಪರರ ಚಿಪ್ಪುಳ್ಳ ಕಾರ್ಟ್ರಿಜ್ಜುಗಳನ್ನು ಇದ್ದಕ್ಕಿದ್ದಂತೆ ಒಲ್ಲೆನೆಂದವು. ಹಣ ತೆತ್ತವನ ಮನೆಯಲ್ಲೇ ಯಂತ್ರ ಮಾರಿದವನ ಆಜ್ಞೆ ಪಾಲಿಸಿತು! ನಿರ್ಬಂಧವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಆ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ಮಾರಿದ ವಸ್ತುವಿನ ಮೇಲೆ ಪೇಟೆಂಟಿನ ಹಿಡಿತ ಉಳಿಯದೆಂದು ಲೆಕ್ಸ್‌ಮಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ 2017ರಲ್ಲಿ ತೀರ್ಪಿತ್ತಿದೆ. ಬಂಡವಾಳದ ತವರಿನಲ್ಲೇ ಒಪ್ಪದ ಧಣಿತನವನ್ನು ನಾವೇಕೆ ಒಪ್ಪಬೇಕು?

ಹಾಗೆಂದು ಅಗ್ಗದ ಸೀಸೆಗೆಲ್ಲ ಜೈಕಾರ ಹಾಕುವವರಲ್ಲ ನಾವು. ಡೈ ಶಾಯಿ ದ್ರವದಲ್ಲಿ ಕರಗಿದ ಬಣ್ಣ. ಬಿಸಿಲು, ಗಾಳಿ ಅದನ್ನು ಬೇಗ ತಿನ್ನುತ್ತವೆ. ಪಿಗ್ಮೆಂಟ್ ಶಾಯಿಯದು ಕರಗದ ಕಣ. ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಎಷ್ಟೋ ಸೀಸೆಗಳ ಮೇಲೆ ಇದು ಯಾವುದೆಂದೂ ಬರೆದಿರುವುದಿಲ್ಲ. ಬಾಳಿಕೆಯ ಪರೀಕ್ಷೆಯ ಫಲವಂತೂ ದೂರದ ಮಾತು. ಕೂಲಿಯವನ ಮಗಳ ಮದುವೆಯ ಚಿತ್ರ ಗೋಡೆಯ ಮೇಲೆಯೇ ಮಾಸಿಹೋದರೆ ಆ ಮದುವೆ ಮತ್ತೆ ನಡೆದೀತೆ? ಅವನಿಗೆ ಇದೂ ಮೋಸವೇ.

ಆದುದರಿಂದ ಸ್ಟುಡಿಯೋ ಬಂಧುಗಳಿಗೆ ನಮ್ಮ ಮಾತಿಷ್ಟು. ಜಾಹೀರಾತನ್ನು ನಂಬಬೇಡಿ, ಬಿಸಿಲನ್ನು ನಂಬಿ. ಒಂದೇ ಚಿತ್ರವನ್ನು ಎರಡೂ ಶಾಯಿಗಳಲ್ಲಿ ಮುದ್ರಿಸಿ, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಮೂರು ತಿಂಗಳು ಕಿಟಕಿಯಲ್ಲಿಡಿ. ರಟ್ಟು ತೆಗೆದಾಗ ಸತ್ಯ ಕಣ್ಣಿಗೆ ಕಾಣುತ್ತದೆ. ನಾಲ್ಕು ದಿನದ ಕೆಲಸಕ್ಕೆ ಅಗ್ಗದ್ದು ಸಾಕು. ತಲೆಮಾರು ಉಳಿಯಬೇಕಾದ ಚಿತ್ರಕ್ಕೆ ಪರೀಕ್ಷೆಯಲ್ಲಿ ಗೆದ್ದದ್ದೇ ಬೇಕು, ಅದು ಯಾರದೇ ಆಗಿರಲಿ.

ಸರ್ಕಾರವನ್ನು ನಾವು ಕೇಳುವುದು ಎರಡೇ: ಪ್ರತಿ ಸೀಸೆಯ ಮೇಲೂ ಒಳಗಿನದರ ವಿವರವಿರಲಿ, ಮಾರಿದ ಯಂತ್ರಕ್ಕೆ ಬೀಗ ಬೇಡ. ಯಂತ್ರ ಕೊಂಡವನದೇ ಯಂತ್ರ!